ಸಾಕು ಎಂದರೆ ನಿಲ್ಲುವ ಯಂತ್ರ

ಸರ್ಕಾರಿ ಶಾಲೆಯಲ್ಲಿ ನೆಮ್ಮದಿಯಾಗಿ ಬಾಳಬೇಕೆಂದರೆ, ಮೊಬೈಲಿನಲ್ಲಿ ಮಾತಾಡುವುದು ಬಿಟ್ಟು ಬೇರೇನೂ ಬರುವುದಿಲ್ಲ ಎಂಬ ಹೆಸರು ಗಳಿಸಬೇಕು. ಈ ತಿಳಿವಳಿಕೆ ನನಗೆ ಬಂದದ್ದು ತೀರ ತಡವಾಗಿ, ಮೊಣಕಾಲು ಸವೆದು ತಲೆಗೂದಲು ಅರ್ಧ ಬೆಳ್ಳಗಾದ ಮೇಲೆ. ನನ್ನ ಸಹೋದ್ಯೋಗಿಗಳು ಇದನ್ನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿತಿದ್ದರು. ಯಾವುದಾದರೂ ಹೊಸ ಆಪ್ ಬಂತೆಂದರೆ ಅವರು ಫೋನನ್ನು ಮೊಳದಷ್ಟು ದೂರ ಹಿಡಿದು, ಹುಬ್ಬು ಗಂಟಿಕ್ಕಿ, "ಇದರಾಗ ಏನೂ ಕಾಣವಲ್ದು ನೋಡ್ರಿ" ಎಂದು ಪಕ್ಕದವರ ಕೈಗೆ ದಾಟಿಸಿಬಿಡುತ್ತಾರೆ. ಆ ಪಕ್ಕದವಳು ಯಾವಾಗಲೂ ನಾನೇ. ಅದೇ ಫೋನಿನಲ್ಲಿ ಅವರು ಬಸ್ಸಿನಲ್ಲಿ ಕೂತು ಸೀರೆ ಮಾರುವವರ ವಿಡಿಯೊ ನೋಡಿ, ಬಣ್ಣ ಆರಿಸಿ, ಹಣ ಕಳಿಸುವುದನ್ನೂ ನಾನು ಕಂಡಿದ್ದೇನೆ. ಆದರೆ ಬಾಯಿ ಬಿಡುವವಳಲ್ಲ. ಬಿಸಿಯೂಟದ ಮೊಟ್ಟೆಯ ಫೋಟೊ ಕಳಿಸುವುದು ನಾನು, ಹಾಜರಿ ತುಂಬುವುದು ನಾನು, ನೆಟ್‌ವರ್ಕ್ ಸಿಗದಿದ್ದರೆ ನೀರಿನ ತೊಟ್ಟಿಯ ಕಟ್ಟೆ ಹತ್ತಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಲ್ಲುವುದೂ ನಾನು. ಹೀಗಿರುವಾಗ, ಒಂದನೆಯ ತರಗತಿಯಿಂದಲೇ ಮಕ್ಕಳಿಗೆ ಕೋಡಿಂಗ್ ಕಲಿಸೋಣ ಎಂಬ ಮಾತು ಬಂದ ದಿನ, ಕೊಠಡಿಯಲ್ಲಿದ್ದ ಅಷ್ಟೂ ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ.

ನಮ್ಮ ಹೆಡ್ ಮಾಸ್ಟರು ಕಂಪ್ಲಿಯ ರೈಸ್ ಮಿಲ್ಲಿನ ಮನೆತನದವರು. ದೊಡ್ಡ ಪಡಸಾಲೆ, ತುಂಬಿದ ಮನೆ, ಹೊತ್ತು ಗೊತ್ತಿಲ್ಲದೆ ಬಂದು ಉಂಡುಹೋಗುವ ಜನ. ಅಂಥ ಮನೆಯಲ್ಲಿ ಬೆಳೆದವರಿಗೆ ಎದುರಿನವರು ಹೇಳುವ 'ಬ್ಯಾಡ' ಕಿವಿಗೆ ಬೀಳುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. "ಕೋಡಿಂಗ್ ನೀವ ತಗೋರಿ ಮೇಡಂ" ಎಂದರು. "ಬ್ಯಾಡ್ರಿ ಸರ್, ನನಗ ಅದೆಲ್ಲಿ ಬರ್ತೈತ್ರಿ" ಎಂದೆ. "ಏ, ಸುಮ್ನ ಹಂಗಂತೀರಿ. ನಿಮಗ ಬರಲಾರದ್ದು ಏನೈತ್ರಿ?" "ಖರೇನ ಬ್ಯಾಡ್ರಿ ಸರ್, ಮೊಣಕಾಲು ಭಾಳ ನೋಯ್ತಾವು." "ಕೋಡಿಂಗಿಗೆ ಮೊಣಕಾಲು ಯಾಕ ಬೇಕ್ರಿ?" ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ಏನು ಮಾಡಲಿ, ನಾನೂ ನಕ್ಕೆ. ಇಂಥ ಕಡೆ ನಕ್ಕರೆ ಒಪ್ಪಿದಂತೆಯೇ. ಕೋಡಿಂಗಿಗೆ ಮೊಣಕಾಲು ಎಷ್ಟು ಬೇಕಾಗುತ್ತದೆ ಎಂಬುದು ಅವರಿಗಾಗಲೀ ನನಗಾಗಲೀ ಆಗಿನ್ನೂ ಗೊತ್ತಿರಲಿಲ್ಲ.

ನನ್ನ ಕಷ್ಟವೇನೆಂದು ಬಿಡಿಸಿ ಹೇಳದಿದ್ದರೆ ನೀವು ನನ್ನನ್ನು ಸೋಮಾರಿ ಎಂದುಕೊಳ್ಳಬಹುದು. ಸೋಮಾರಿಯೂ ಹೌದು, ಅದು ಬೇರೆ ಮಾತು. ನನ್ನ ಮನೆ ಇರುವುದು ಹೊಸಪೇಟೆಯಲ್ಲಿ. ಶಾಲೆ ಇರುವುದು ಮೆಟ್ರಿ ದಾಟಿ ಇನ್ನೂ ಒಳಗೆ, ಸುತ್ತಲೂ ಭತ್ತದ ಗದ್ದೆ ಇರುವ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಕಂಪ್ಲಿಯ ಬಸ್ಸು, ಅಲ್ಲಿಂದ ಮುಂದೆ ಆಟೊ. ಆಟೊದಲ್ಲಿ ನನ್ನ ಬ್ಯಾಗು ನನ್ನ ತೊಡೆಯ ಮೇಲೆ, ಬೇರೆಯವರ ಬುಟ್ಟಿ ನನ್ನ ಪಾದದ ಮೇಲೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಗಂಟೆ ಹೊಡೆದ ಕೂಡಲೇ ಹೊರಟವರಿಗೆ ಕಂಪ್ಲಿಯಲ್ಲಿ ಖಾಲಿ ಬಸ್ಸು ಸಿಗುತ್ತದೆ, ಕಿಟಕಿಯ ಪಕ್ಕ ಸೀಟು ಸಿಗುತ್ತದೆ, ಬಾಳೆತೋಟದ ಗಾಳಿಗೆ ಒಂದು ಸಣ್ಣ ನಿದ್ದೆಯೂ ಆಗುತ್ತದೆ. ಸ್ವಲ್ಪ ತಡವಾದರೆ ಕಾಲೇಜಿನ ಹುಡುಗರೆಲ್ಲ ಹತ್ತಿರುತ್ತಾರೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದಿರುತ್ತದೆ. ಹೊಸಪೇಟೆಯವರೆಗೆ ಕಂಬಿ ಹಿಡಿದು ನಿಂತು ಬರಬೇಕು. ಅದಕ್ಕಾಗಿಯೇ ನಾನು ವರ್ಷಗಟ್ಟಲೆ ಕಾಡಿ ಬೇಡಿ ಕೊನೆಯ ಪಿರಿಯಡ್ಡನ್ನು ಖಾಲಿ ಇರಿಸಿಕೊಂಡಿದ್ದೆ. ಆಗ ನೋಟ್‌ಬುಕ್ ತಿದ್ದಿ, ಮುಖ ತೊಳೆದು, ಚೀಲದ ಜಿಪ್ ಎಳೆದು, ಗಂಟೆಗಾಗಿ ಕಾಯುತ್ತ ಕೂರುತ್ತಿದ್ದೆ. ಕೋಡಿಂಗ್ ಬಂದು ಕೂತದ್ದು ಆ ಕೊನೆಯ ಪಿರಿಯಡ್ಡಿನ ಮೇಲೆ. ಅಂದಿನಿಂದ ನನ್ನ ಜೀವನದ ಗುರಿ ಒಂದೇ ಆಯಿತು, ಹೇಗಾದರೂ ಇದರಿಂದ ಬಿಡಿಸಿಕೊಂಡು ಕಿಟಕಿಯ ಸೀಟಿಗೆ ಮರಳುವುದು.

ಹೊಸಪೇಟೆಯಲ್ಲಿ ನಡೆದ ತರಬೇತಿಗೆ ಮುಖ ಊದಿಸಿಕೊಂಡೇ ಹೋದೆ. ಅಲ್ಲಿ ಪಾಠ ಹೇಳಿದಾತ ನನ್ನ ಮಗನ ವಯಸ್ಸಿನವನು. ಬಹಳ ಪ್ರೀತಿಯಿಂದ, ಸ್ಲೈಡಿನ ಮೇಲೆ ಏಣಿಯೊಂದನ್ನು ತೋರಿಸುತ್ತ, ವಯಸ್ಸಿಗೆ ತಕ್ಕಂತೆ ಒಂದೊಂದೇ ಮೆಟ್ಟಿಲು ಹತ್ತಿಸಬೇಕು ಎಂದ. ಚಿಕ್ಕವರಿಗೆ ಕಂಪ್ಯೂಟರ್ ಬೇಡವೇ ಬೇಡ, ನೆಲದ ಮೇಲೆ ಚೌಕ ಬರೆದು ಆಟ ಆಡಿಸಿದರೆ ಸಾಕು. ಒಂದು ಮಗು ಯಂತ್ರ, ಉಳಿದವರು ಅದಕ್ಕೆ ಅಪ್ಪಣೆ ಕೊಡುವವರು. ಮುಂದೆ ಹೋಗು, ಬಲಕ್ಕೆ ತಿರುಗು, ಎತ್ತಿಕೋ. ಅದಾದ ಮೇಲಿನ ಮೆಟ್ಟಿಲಲ್ಲಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವುದು. ಅದಕ್ಕೂ ಮೇಲೆ, ಎಲ್ಲಿಯವರೆಗೆ ಮಾಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳಿಕೊಡುವುದು. ಇಷ್ಟೆಲ್ಲ ಕೈಕಾಲಿಗೆ ಬಂದ ಮೇಲೆ ಪರದೆಯ ಮೇಲಿನ ಬಣ್ಣದ ತುಂಡುಗಳನ್ನು ಜೋಡಿಸುವುದು, ಟೈಪ್ ಮಾಡುವುದು ಎಲ್ಲಾ. ಕಂಪ್ಯೂಟರ್ ಬೇಡ ಎಂಬುದನ್ನು ಕೇಳಿ ನನಗೆ ಅರ್ಧ ಸಮಾಧಾನವಾಯಿತು. ನಮ್ಮ ಶಾಲೆಯಲ್ಲಿರುವುದು ಒಂದೇ ಒಂದು ಕಂಪ್ಯೂಟರ್. ಅದು ಹೆಡ್ ಮಾಸ್ಟರ ಕೊಠಡಿಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿದೆ. ಆಯುಧಪೂಜೆಗೆ ಅದರ ಹಣೆಗೆ ವಿಭೂತಿ ಎಳೆದು, ಮೇಲೆ ಅಕ್ಷತೆ ಹಾಕುತ್ತೇವೆ. ಕೀಲಿಮಣೆಯ ಸಂದಿಗೆ ಇಳಿದ ಅಕ್ಕಿಕಾಳು ಇನ್ನೂ ಈಚೆಗೆ ಬಂದಿಲ್ಲ, ಹೀಗಾಗಿ ಕೆಲವು ಅಕ್ಷರಗಳನ್ನು ಗುದ್ದಿದರೂ ಬೀಳುವುದಿಲ್ಲ.

ಒಂದನೆಯ ತರಗತಿಯ ಮಕ್ಕಳಿಗಾಗಿ ಹಜಾರದ ನೆಲದ ಮೇಲೆ ಬಗ್ಗಿ ಚೌಕ ಎಳೆಯುವಾಗಲೇ ಹೆಡ್ ಮಾಸ್ಟರ ಮೊಣಕಾಲಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಗ್ಗಿದವಳನ್ನು ಎತ್ತಿ ನಿಲ್ಲಿಸಲು ಅಡುಗೆಯ ಈರಮ್ಮನೇ ಬರಬೇಕಾಯಿತು. ಪಂಪಾಪತಿ ಎಂಬ, ಮೂಗು ಸುರಿಸುವ ಪುಟ್ಟ ಹುಡುಗನನ್ನು ಯಂತ್ರ ಮಾಡಿದೆವು. ಅವನು ಮೂಲೆಯಲ್ಲಿರುವ ಲೋಟ ತರಬೇಕು. ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡಬಾರದು. ಮಕ್ಕಳು "ಹೋಗು, ಹೋಗು" ಎಂದು ಕೂಗಿದರು. ಅವನು ಹೋದ. ಲೋಟ ದಾಟಿ, ಗೋಡೆಗೆ ಹಣೆ ತಾಗಿಸಿ, ಅಲ್ಲೇ ಕಾಲು ಎತ್ತಿ ಇಡುತ್ತ ನಿಂತ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಎಲ್ಲರೂ ನಕ್ಕು, "ಲೇ ದಡ್ಡ" ಎಂದು ಕೂಗಿದರು. ನಾಲ್ಕನೆಯ ತರಗತಿಯ ಹುಲಿಗೆಮ್ಮ ಆ ತರಗತಿಯಲ್ಲಿದ್ದ ತಮ್ಮನನ್ನು ಮನೆಗೆ ಕರೆದೊಯ್ಯಲು ಬಂದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು, "ಅವ ದಡ್ಡ ಅಲ್ರೀ ಮಿಸ್. ಇವರು ಹೇಳಿದ್ದು ಸರಿ ಇಲ್ಲ" ಎಂದಳು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಯಾವ ಕೆಲಸ ಕೆಟ್ಟರೂ ಮಾಡಿದ ಮಗುವಿಗೇ ಬೈಗಳು ಬೀಳುತ್ತಿತ್ತು. ಹೇಳಿಕೊಟ್ಟವರ ಮಾತಿನಲ್ಲಿ ತಪ್ಪು ಹುಡುಕಿದ್ದು ನಾನು ಕಂಡಂತೆ ಅದೇ ಮೊದಲು. ಆ ದಿನ ಮೊದಲ ಬಸ್ಸು ತಪ್ಪಿತು. ನನಗೆ ಅದು ತಿಳಿದದ್ದು ಕಂಪ್ಲಿಗೆ ಬಂದ ಮೇಲೆ. ಕಂಬಿ ಹಿಡಿದು ನಿಂತಾಗ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಕಾಲು ಮಾತ್ರ ತನ್ನ ಕೆಲಸ ತಾನು ಮಾಡಿತು, ರಾತ್ರಿಯೆಲ್ಲ ನೋಯಿತು.

ಎರಡನೆಯ ಮೆಟ್ಟಿಲು, ಮಾಡಿದ್ದನ್ನೇ ಮತ್ತೆ ಮಾಡುವುದು. ಇದಕ್ಕೆ ಉದಾಹರಣೆಯಾಗಿ ಮಣಿ ಪೋಣಿಸುವುದು, ಇಟ್ಟಿಗೆ ಜೋಡಿಸುವುದು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಜಾಣತನ ತೋರಿಸಲು ಹೋಗಿ, "ನಿಮ್ಮವ್ವ ಗದ್ದಿಯಾಗ ಸಸಿ ಹಚ್ಚೂದು ನೋಡೀರಿಲ್ಲ? ಹಂಗ ಮಾಡ್ರಿ" ಎಂದುಬಿಟ್ಟೆ. ಮಕ್ಕಳಿಗೆ ಇದಕ್ಕಿಂತ ಸುಲಭದ ಪಾಠ ಇನ್ನೊಂದಿರಲಿಲ್ಲ. ಮೂರನೆಯ ತರಗತಿಯವರೆಲ್ಲ ಸಾಲಾಗಿ ನಿಂತು, ಸೊಂಟ ಬಗ್ಗಿಸಿ, ಸಸಿ ಊರು, ಹಿಂದಕ್ಕೆ ಸರಿ, ಸಸಿ ಊರು, ಹಿಂದಕ್ಕೆ ಸರಿ ಎಂದು ಹೊರಟರು. ಗದ್ದೆಯಲ್ಲಿ ನಾಟಿ ಮಾಡುವವರು ಹಿಂದಕ್ಕೇ ಸರಿಯುತ್ತಾರೆ, ಮುಂದೆ ಹೋದರೆ ಊರಿದ ಸಸಿಯನ್ನು ತಾವೇ ತುಳಿಯಬೇಕಾಗುತ್ತದೆ. ಅದು ನನಗೂ ಗೊತ್ತು. ಆದರೆ ಮಕ್ಕಳ ಬೆನ್ನ ಹಿಂದೆ ಇದ್ದದ್ದು ತೆರೆದ ಬಾಗಿಲು ಎಂಬುದು ಮರೆತುಹೋಗಿತ್ತು. ಅಷ್ಟೂ ಮಕ್ಕಳು ಹಿಮ್ಮುಖವಾಗಿ ತರಗತಿ ಬಿಟ್ಟು, ಜಗಲಿ ಇಳಿದು, ಅಂಗಳ ದಾಟಿ, ಬೇವಿನ ಮರದ ಬುಡದಲ್ಲಿ ಈರಮ್ಮ ತೊಳೆದು ಬೋರಲು ಹಾಕಿದ್ದ ಪಾತ್ರೆಗಳ ಮೇಲೆ ಸಾಲಾಗಿ ಕೂತರು. ಈರಮ್ಮನ ಬಾಯಿ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. "ಯಾಕ್ರೋ ನಿಲ್ಲಲಿಲ್ಲ?" ಎಂದು ನಾನು ಓಡಿಹೋಗಿ ಗದರಿದರೆ, "ಬದು ಬರೋತನಕ ಹಚ್ಚಬೇಕಲ್ರೀ ಮಿಸ್, ಬದುನ ಬರಲಿಲ್ಲ" ಎಂದರು. ಯಾವಾಗ ನಿಲ್ಲಬೇಕು ಎಂಬ ಪಾಠ ಮುಂದಿನ ಮೆಟ್ಟಿಲಿನದು, ಅವರು ಅದನ್ನು ಗದ್ದೆಯಿಂದಲೇ ಕಲಿತು ಬಂದಿದ್ದರು. ತರಗತಿಯಲ್ಲಿ ಬದು ಹಾಕುವುದನ್ನು ಮರೆತವಳು ನಾನು.

ಮೂರನೆಯ ಮೆಟ್ಟಿಲಿನಲ್ಲಿಯೇ ನಾನು ಸಿಕ್ಕಿಬಿದ್ದದ್ದು. ಅದನ್ನು ಹೇಳುವ ಮೊದಲು ನಮ್ಮ ಕಡೆಯ ಉಪಚಾರದ ಬಗ್ಗೆ ಒಂದು ಮಾತು ಹೇಳಬೇಕು. ಹೊಸಪೇಟೆಯಲ್ಲಿ ಮನೆ ಇದ್ದವರಿಗೆ ನೆಂಟರ ಕೊರತೆ ಇರುವುದಿಲ್ಲ. ಹಂಪಿ ನೋಡಬೇಕು ಎನಿಸಿದ ಯಾರಿಗೇ ಆಗಲಿ, ನಾವು ಅವರಿಗೆ ಏನಾಗಬೇಕು ಎಂಬುದು ಥಟ್ಟನೆ ನೆನಪಾಗುತ್ತದೆ. ಹೀಗೆ ಬಂದವರು ಬಿಸಿಲಲ್ಲಿ ಕಲ್ಲು ಸುತ್ತಿ, ಹಸಿದು ಕಂಗಾಲಾಗಿ ಮನೆಗೆ ಬಂದು ಎಲೆಯ ಮುಂದೆ ಕೂತರೂ, ಮೊದಲು ಹೇಳುವ ಮಾತು "ಏ, ಹೊಟ್ಟಿ ತುಂಬೇತಿ, ಬ್ಯಾಡ್ರಿ" ಎಂದೇ. ನಾವು ಅದನ್ನು ಕೇಳಿಸಿಕೊಳ್ಳದವರಂತೆ ಮಾಡಿ ಬಡಿಸಬೇಕು. ನನ್ನ ತವರು ಸಂಡೂರು ಕಡೆಯ ಚೋರನೂರು. ಅಲ್ಲಿ ನಮ್ಮವ್ವ ಇದರಲ್ಲಿ ಎತ್ತಿದ ಕೈ. ಉಣ್ಣುವವರು ಎಲೆಯ ಮೇಲೆ ಎರಡೂ ಕೈ ಮುಚ್ಚಿದರೆ ಬೆರಳ ಸಂದಿನಿಂದ ತುಪ್ಪ ಬಿಡುತ್ತಿದ್ದಳು. ಒಮ್ಮೆ ನಮ್ಮ ಸೋದರಮಾವ ಎಲೆಯ ಮೇಲೆ ಪೂರ್ತಿ ಬಗ್ಗಿ ಎದೆಯಿಂದ ಅಡ್ಡ ಕಟ್ಟಿದಾಗ, ರೊಟ್ಟಿಯನ್ನು ಅವನ ಬೆನ್ನ ಮೇಲೇ ಇಟ್ಟು ಹೋಗಿದ್ದಳು. ಅವನು ಅದನ್ನೂ ಇಳಿಸಿ ತಿಂದ, ಅದು ಬೇರೆ.

ಈ ಹಿನ್ನೆಲೆಯವಳು ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳ ಮುಂದೆ ನಿಂತು, ಹಲಗೆಯ ಮೇಲೆ 'ಸಾಕು ಎನ್ನುವವರೆಗೆ ಬಡಿಸು' ಎಂದು ಬರೆದೆ. ಎಷ್ಟು ಚಂದದ ಉದಾಹರಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹುಲಿಗೆಮ್ಮ ಸೌಟು ಹಿಡಿದ ಯಂತ್ರ, ಒಬ್ಬ ಹುಡುಗ ಊಟಕ್ಕೆ ಕೂತವನು. ತಟ್ಟೆಗೆ ಸುಳ್ಳು ಸುಳ್ಳೇ ಒಂದು ಸೌಟು ಬಿತ್ತು. ಹುಡುಗ "ಸಾಕು" ಎಂದ. ಹುಲಿಗೆಮ್ಮ ಇನ್ನೊಂದು ಸೌಟು ಹಾಕಿದಳು. "ಸಾಕು ಅಂದ್ನಲ್ಲವ್ವ, ನಿಲ್ಲು" ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿ, "ಒಂದನೇ ಸಲ ಸಾಕು ಅಂದ್ರ ಅದು ನಾಚಿಕಿ ರೀ ಮಿಸ್. ಎರಡನೇ ಸಲ ಅಂದ್ರ ಅದು ಮರ್ಯಾದಿ. ಮೂರನೇ ಸಲ ಕೈ ಅಡ್ಡ ಹಿಡಿದ್ರ ಆಗ ಹೊಟ್ಟಿ ತುಂಬೇತಿ ಅಂತ ಅರ್ಥ" ಎಂದಳು. ಇಡೀ ತರಗತಿ ತಲೆದೂಗಿತು. ಊಟಕ್ಕೆ ಕೂತ ಹುಡುಗನೂ ತಲೆದೂಗಿದ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ, ನನಗೆ ಗೊತ್ತು. ಆದರೆ ನಾನು ಆಗ ಚೋರನೂರಿನ ಮಗಳಲ್ಲ, ಕೋಡಿಂಗ್ ಮಿಸ್ಸು. "ಮಷಿನ್ನಿಗೆ ನಾಚಿಕಿ, ಮರ್ಯಾದಿ ತಿಳಿಯೂದಿಲ್ಲ. ಅದು ಮೊದಲನೇ ಮಾತನ್ನ ನಂಬ್ತೈತಿ" ಎಂದೆ. ಹುಲಿಗೆಮ್ಮ ಸೌಟು ಕೆಳಗಿಟ್ಟು, "ಹಂಗಾರ ಆ ಮಷಿನ್ ಮನಿಗೆ ಯಾರೂ ಉಣ್ಣಾಕ ಹೋಗಂಗಿಲ್ಲ ಬಿಡ್ರಿ" ಎಂದಳು.

ಆ ಮಾತಿಗೆ ನಾನು ಸೋತೆ, ಆದರೆ ಸೋತಂತೆ ತೋರಿಸಿಕೊಳ್ಳಲಿಲ್ಲ. ಆ ಮೆಟ್ಟಿಲೊಂದರಲ್ಲೇ ನನ್ನ ಜೀವ ಅರ್ಧವಾಯಿತು. ಒಂದು ದಿನ ಮೊದಲನೆಯ 'ಸಾಕು'ಗೇ ನಿಲ್ಲುತ್ತಿದ್ದರು, ಮರುದಿನ ಮನೆಯಲ್ಲಿ ಯಾರೋ ನೆಂಟರು ಬಂದು ಹೋಗಿರುತ್ತಿದ್ದರು, ಮತ್ತೆ ಮೊದಲಿನ ಹಾಗೆಯೇ. ಬೇರೆ ಉದಾಹರಣೆ ಕೊಡಬಹುದಾಗಿತ್ತು. ಕೊಡಕ್ಕೆ ನೀರು ತುಂಬುವುದು, ಬಲೂನಿಗೆ ಗಾಳಿ ಊದುವುದು, ಎಷ್ಟೋ ಇದ್ದವು. ಆದರೆ ನನಗೂ ಹಟ ಹುಟ್ಟಿತ್ತು. ದಿನವೂ ಬಸ್ಸು ತಪ್ಪುತ್ತಿತ್ತು. ಮನೆಗೆ ಬಂದು ಬಿಸಿನೀರಿನ ಚೀಲ ಮೊಣಕಾಲಿನ ಮೇಲೆ ಇಟ್ಟುಕೊಂಡು, ನಾಳೆಯೇ ಹೆಡ್ ಮಾಸ್ಟರಿಗೆ ನನ್ನಿಂದಾಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದು ಗೊಣಗುತ್ತಿದ್ದೆ. ಗೊಣಗುತ್ತಲೇ ಮರುದಿನದ ಪಾಠಕ್ಕೆ ರಟ್ಟು ಕತ್ತರಿಸುತ್ತಿದ್ದೆ. ನನ್ನ ಗಂಡ, "ಆಗೂದಿಲ್ಲ ಅಂದಮ್ಯಾಲೆ ರಟ್ಟು ಯಾಕ ಕತ್ತರಸ್ತಿ?" ಎಂದು ಕೇಳಿದರು. ಅವರಿಗೆ ಇಂಥ ಪ್ರಶ್ನೆ ಕೇಳುವ ಕೆಟ್ಟ ಅಭ್ಯಾಸವಿದೆ.

ಕೊನೆಗೂ ಮಕ್ಕಳು ಕಲಿತರು. ಎಷ್ಟು ಚೆನ್ನಾಗಿ ಕಲಿತರು ಎಂಬುದು ತಾಲ್ಲೂಕಿನಿಂದ ಸಾಹೇಬರು ನೋಡಲು ಬಂದ ದಿನ ಗೊತ್ತಾಯಿತು. ಅವರಿಗೆ ತೋರಿಸಲು ನಾವು ಸುಳ್ಳು ಊಟ ಬಿಟ್ಟು ನಿಜವಾದ ತಿಂಡಿಯನ್ನೇ ಇಟ್ಟಿದ್ದೆವು. ಈರಮ್ಮ ಒಂದು ದೊಡ್ಡ ಪಾತ್ರೆ ತುಂಬ ಒಗ್ಗರಣೆ ಮಂಡಕ್ಕಿ ಮಾಡಿ, ಪಕ್ಕದಲ್ಲಿ ಬಿಸಿ ಬಿಸಿ ಮಿರ್ಚಿ ಬಜ್ಜಿಯ ತಟ್ಟೆ ಇಟ್ಟಿದ್ದಳು. ಹಜಾರವೆಲ್ಲ ಘಮ ಘಮ. ಸಾಹೇಬರು ಮುಂಜಾನೆಯಿಂದ ಶಾಲೆಯಿಂದ ಶಾಲೆಗೆ ಓಡಾಡಿ ಬಂದಿದ್ದರು. "ಏನೂ ತಿಂದಿಲ್ಲಂತ್ರಿ, ಜಲ್ದಿ ಬಡಿಸ್ರಿ" ಎಂದು ಹೆಡ್ ಮಾಸ್ಟರು ನನ್ನ ಕಿವಿಯಲ್ಲಿ ಹೇಳಿದರು. ಸಾಹೇಬರು ಚಾಪೆಯ ಮೇಲೆ ಕೂತು, ಮಕ್ಕಳನ್ನು ನೋಡಿ ನಕ್ಕು, "ನಾ ಏನ್ ಮಾಡ್ಬೇಕ್ರಿ?" ಎಂದರು. "ಊಟಕ್ಕ ಕುಂತೋರು ನೀವ್ರಿ ಸರ್" ಎಂದು ಹುಲಿಗೆಮ್ಮ ಹೇಳಿ, ಸೌಟು ತುಂಬಿ, ತಟ್ಟೆಯ ಮೇಲೆ ವಾಲಿಸಿದಳು. ಮಂಡಕ್ಕಿ ಇನ್ನೂ ಜಾರುತ್ತಿತ್ತು. ಅಷ್ಟರಲ್ಲಿ ಸಾಹೇಬರ ಕೈ ತಾನಾಗಿಯೇ ತಟ್ಟೆಯ ಮೇಲೆ ಬಂತು, ಬಾಯಿ ತಾನಾಗಿಯೇ "ಸಾಕು ಸಾಕು, ಸಾಕವ್ವ" ಎಂದಿತು. ಎಲ್ಲ ಸಂಭಾವಿತರ ಕೈ ಬಾಯಿಯೂ ಮಾಡುವುದು ಹೀಗೆಯೇ.

ಹುಲಿಗೆಮ್ಮ ನಿಂತಳು. ಸೌಟು ಗಾಳಿಯಲ್ಲಿ ನಿಂತಿತು. ಅದರಲ್ಲಿದ್ದ ಮಂಡಕ್ಕಿ ಪಾತ್ರೆಗೆ ವಾಪಸು ಹೋಯಿತು. ಇನ್ನೊಬ್ಬ ಹುಡುಗಿ ಮಿರ್ಚಿಯ ತಟ್ಟೆ ಎತ್ತಿಕೊಂಡು ಹೊರಟಳು. ಮೂರನೆಯವನು ಪಾತ್ರೆಗೆ ಮುಚ್ಚಳ ಹಾಕಿದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸಾಹೇಬರ ತಟ್ಟೆಯಲ್ಲಿ ಒಂದು ಚಿಟಿಕೆ ಮಂಡಕ್ಕಿ, ಒಂದು ಕರಿಬೇವಿನ ಎಲೆ. ಅವರ ಕಣ್ಣು ಮುಚ್ಚಳದ ಮೇಲೆ. ಹೆಡ್ ಮಾಸ್ಟರು ಗಾಬರಿಯಿಂದ, "ಇನ್ನೊಂಚೂರು ಹಾಕವ್ವ, ಸಾಹೇಬ್ರಿಗೆ ಇನ್ನೊಂಚೂರು ಹಾಕು" ಎಂದರು. ಹುಲಿಗೆಮ್ಮ ಬೆನ್ನು ನೆಟ್ಟಗೆ ಮಾಡಿ, "ಸಾಕು ಅಂದಾರ್ರಿ ಸರ್. ಮಷಿನ್ನು ಮೊದಲನೇ ಮಾತನ್ನ ನಂಬ್ತೈತ್ರಿ" ಎಂದಳು. ನನ್ನ ಅವಸ್ಥೆ ಏನು ಹೇಳಲಿ. ಹಸಿದು ಬಂದವರ ಮುಂದೆ ಪಾತ್ರೆ ಮುಚ್ಚಿದ್ದನ್ನು ನೋಡಿ ಚೋರನೂರಿನ ರಕ್ತ ಕುದಿಯುತ್ತಿತ್ತು, ಸೌಟು ಕಸಿದು ಅವರ ತಟ್ಟೆಗೆ ಸುರಿದುಬಿಡೋಣ ಎನಿಸಿತು. ಸುರಿದರೆ ಇಷ್ಟು ದಿನದ ಪಾಠ ಮಣ್ಣುಪಾಲು. ಅದಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮುಖ. ಅಷ್ಟು ಹೆಮ್ಮೆಯಿಂದ ನಿಂತ ಮುಖವನ್ನು ನಾನು ಹೇಗೆ ಕೆಡಿಸಲಿ? ಸೌಟಿನತ್ತ ಹೊರಟ ಕೈಯಿಂದ ಸೆರಗು ಸರಿಪಡಿಸಿಕೊಂಡೆ. ಸಾಹೇಬರು ಒಳ್ಳೆಯವರು. ಮಂಡಕ್ಕಿಯನ್ನು ಒಂದೊಂದೇ ಕಾಳಾಗಿ ಬಾಯಿಗೆ ಹಾಕಿಕೊಂಡು, ಕರಿಬೇವನ್ನೂ ಬಿಡದೆ ತಿಂದು, "ಭಾಳ ಚಲೋ ಕಲಿಸೀರಿ ಮೇಡಂ. ಮಕ್ಕಳು ಮಸ್ತ್ ಅದಾರ" ಎಂದು ಎದ್ದರು. ಜೀಪಿನವರೆಗೂ ಹೋದ ಹೆಡ್ ಮಾಸ್ಟರು ಎರಡು ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರಂತೆ, ಅವರು ಅದನ್ನೂ ಮೊದಲು ಬೇಡ ಎಂದು, ಆಮೇಲೆ ತೆಗೆದುಕೊಂಡರಂತೆ. ಇತ್ತ ಹಜಾರದಲ್ಲಿ ಮಕ್ಕಳು ಪಾತ್ರೆಯ ತಳ ಕಾಣುವವರೆಗೆ ತಿಂದರು. ಬಡಿಸಿದವಳು ಹುಲಿಗೆಮ್ಮನೇ. ಆಟ ಮುಗಿದಿತ್ತಲ್ಲ, ಸಾಕು ಎಂದವರಿಗೆಲ್ಲ ಮತ್ತೆರಡು ಸೌಟು ಹಾಕಿದಳು. ನನಗೂ ಹಾಕಿದಳು. ಆ ದಿನ ನನಗಾದ ಸಂತೋಷ ಇಷ್ಟು ವರ್ಷದ ನೌಕರಿಯಲ್ಲಿ ಆಗಿರಲಿಲ್ಲ.

ವರ್ಷದ ಕೊನೆಯಲ್ಲಿ ಮುಂದಿನ ವರ್ಷದ ಕೆಲಸ ಹಂಚಲು ಹೆಡ್ ಮಾಸ್ಟರು ಎಲ್ಲರನ್ನೂ ಕೂರಿಸಿದರು. ನಾನು ತಯಾರಾಗಿಯೇ ಹೋಗಿದ್ದೆ. ಮೊದಲು ಬೇಡ ಎನ್ನುವುದು, ಮೊಣಕಾಲಿನ ಮಾತು ಎತ್ತುವುದು. ಅವರು ಒತ್ತಾಯ ಮಾಡಿದರೆ ಸ್ವಲ್ಪ ಮೆತ್ತಗೆ ಇನ್ನೊಮ್ಮೆ ಬೇಡ ಎನ್ನುವುದು. ಆಮೇಲೆ ನಿಟ್ಟುಸಿರು ಬಿಟ್ಟು, ಇಷ್ಟು ಹೇಳ್ತೀರಿ ಅಂದಮೇಲೆ ಏನು ಮಾಡಲಿ ಎಂದು ಒಪ್ಪಿಕೊಳ್ಳುವುದು. ಈ ನಿಟ್ಟುಸಿರನ್ನು ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡೇ ಅಭ್ಯಾಸ ಮಾಡಿದ್ದೆ. "ಕೋಡಿಂಗ್ ಮುಂದಿನ ವರ್ಷಾನೂ ನೀವ ತಗೋತೀರೇನ್ರಿ ಮೇಡಂ?" ಎಂದರು. "ಬ್ಯಾಡ್ರಿ ಸರ್, ಮೊಣಕಾಲು ಭಾಳ ನೋಯ್ತಾವು" ಎಂದೆ. "ಆತ್ರಿ" ಎಂದರು. ನಾನು ಮುಂದಿನ ಮಾತಿಗೆ ಕಾಯುತ್ತಿದ್ದೆ. ಅವರು, "ಖರೇ ಹೇಳ್ತೀನ್ರಿ, ಅವತ್ತು ಆ ಹುಡುಗಿ ಅಂದದ್ದು ನನ್ನ ತಲಿಯಾಗ ಕುಂತುಬಿಟ್ಟೈತಿ. ಮಂದಿ ಬ್ಯಾಡ ಅಂದ್ರ ಮೊದಲನೇ ಮಾತನ್ನ ನಂಬಬೇಕು. ಹೋದ ಸಲ ನೀವು ಅಷ್ಟು ಬ್ಯಾಡ ಅಂದ್ರೂ ನಾ ಕೇಳಲಿಲ್ಲ, ತಪ್ಪಾತು" ಎಂದು ಬಹಳ ಪ್ರಾಮಾಣಿಕವಾಗಿ ಹೇಳಿ, ಹೊಸದಾಗಿ ಬಂದ ರೇಣುಕಾ ಎಂಬ ಚಿಕ್ಕ ವಯಸ್ಸಿನ ಶಿಕ್ಷಕಿಯ ಹೆಸರು ಬರೆದುಕೊಂಡರು. ಆಕೆ "ಹೂಂ ಸರ್, ತಗೋತೀನಿ" ಎಂದಳು. ಒಂದೇ ಮಾತಿಗೆ! ಈಗಿನವರಿಗೆ ಸ್ವಲ್ಪವೂ ಸಂಕೋಚವಿಲ್ಲ.

ಈಗ ಕೊನೆಯ ಪಿರಿಯಡ್ಡು ಖಾಲಿ. ನೋಟ್‌ಬುಕ್ ತಿದ್ದುತ್ತೇನೆ, ಮುಖ ತೊಳೆಯುತ್ತೇನೆ, ಕಿಟಕಿಯ ಸೀಟು ದಿನವೂ ಸಿಗುತ್ತದೆ. ಗಾಳಿ ಚೆನ್ನಾಗಿಯೇ ಬೀಸುತ್ತದೆ, ನಿದ್ದೆ ಬರುವುದಿಲ್ಲ. ಮೊಣಕಾಲು ಮೊದಲಿನಷ್ಟೇ ನೋಯುತ್ತದೆ. ಹಾಗಾದರೆ ಅದು ಚೌಕ ಬರೆದದ್ದಕ್ಕೆ ನೋಯುತ್ತಿರಲಿಲ್ಲ ಎಂದಾಯಿತು. ಹಜಾರದಿಂದ ಮಕ್ಕಳ ಕೂಗು, ನಗು ಕೇಳಿಸಿದಾಗ ತಿದ್ದುವ ಪೆನ್ನು ತಾನಾಗಿಯೇ ನಿಲ್ಲುತ್ತದೆ. ರೇಣುಕಾ ಒಳ್ಳೆಯ ಹುಡುಗಿ, ಚೆನ್ನಾಗಿ ಕಲಿಸುತ್ತಾಳೆ ಎನ್ನುತ್ತಾರೆ. ಇರಲಿ. ನನಗೆ ಆ ಮಕ್ಕಳು ಬೇಕು. ಇಷ್ಟನ್ನು ಹೆಡ್ ಮಾಸ್ಟರ ಮುಂದೆ ಹೋಗಿ ಹೇಳಿದರೆ ಮುಗಿಯಿತು, ಅವರು ಕೊಡದವರೇನಲ್ಲ. ಆದರೆ ನಮ್ಮ ಮನೆಗಳಲ್ಲಿ ಎಲೆಯ ಮುಂದೆ ಕೂತವರು ಎಷ್ಟು ಹಸಿದಿದ್ದರೂ ಇನ್ನಷ್ಟು ಹಾಕಿ ಎಂದು ಬಾಯಿ ಬಿಟ್ಟು ಕೇಳಿದ್ದುಂಟೇ? ನಿನ್ನೆ ಧೈರ್ಯ ಮಾಡಿ ಅವರ ಕೊಠಡಿಯ ಬಾಗಿಲವರೆಗೆ ಹೋದೆ. "ಚಾ ಆತೇನ್ರಿ ಸರ್?" ಎಂದೆ. "ಆತ್ರಿ. ಬರ್ರಿ, ಕುಂದ್ರಿ ಮೇಡಂ. ಏನರ ಹೇಳೋದಿತ್ತೇನ್ರಿ?" ಎಂದು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಏನಿಲ್ರಿ ಸರ್" ಎಂದೆ.

ಅದನ್ನೂ ಅವರು ಮೊದಲನೆಯ ಸಲಕ್ಕೇ ನಂಬಿದರು.